ಕೆರೆಯ ಅಧ್ಯಯನವೂ ಇತಿಹಾಸವೂ

ಪರಿಸರದ ಪ್ರಶ್ನೆಗಳು ವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ಮಾತ್ರ ಸಂಬಂಧಿಸಿದುವೆಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಇನ್ನೂ ಬಲವಾಗಿದೆ. 2017ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಹೊತ್ತಿದಾಗ, ಆ ನೀರಿನಲ್ಲಿ ಏನೇನು ಬೆರೆತಿದೆಯೆಂಬುದನ್ನು ರಸಾಯನಶಾಸ್ತ್ರ ತಿಳಿಸಬಲ್ಲುದಾಗಿತ್ತು. ಆದರೆ ಗದ್ದೆಗೆ ನೀರೂಡಿಸಲು ಕಟ್ಟಿದ ಕೆರೆ ಕೊಳಚೆಯ ಗುಂಡಿಯಾಗುವುದನ್ನು ಸಮಾಜವು ಹೇಗೆ ಸಹಿಸಿತು? ಇದು ನಮ್ಮ ಶಾಸ್ತ್ರಗಳು ಉತ್ತರಿಸಬೇಕಾದ ಪ್ರಶ್ನೆ. ಅದಕ್ಕೆ ಒದಗುವ ಆಕರಗಳನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಮೊದಲನೆಯದು ಶಾಸನ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನ 1369ರ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ 12 ಅಂಗಗಳನ್ನೂ 6 ದೋಷಗಳನ್ನೂ ಎಣಿಸುತ್ತದೆ. ಈ ಅಂಗಗಳಲ್ಲಿ ಮಣ್ಣುಕಲ್ಲುಗಳಷ್ಟೇ ಅಲ್ಲದೆ ಧರ್ಮಿಷ್ಠನಾದ ಅರಸನೂ ಜಲಶಾಸ್ತ್ರಜ್ಞನೂ ಸೇರಿರುವುದು ಗಮನಾರ್ಹ. ಕೆರೆಯನ್ನು ಅಂದಿನವರು ಸಾಮಾಜಿಕ ಸಂಸ್ಥೆಯೆಂದೇ ಭಾವಿಸಿದ್ದರು. ಕನ್ನಡ ಶಾಸನಗಳ ಬಿತ್ತುವಟ್ಟ, ಕಟ್ಟುಕೊಡಗೆ ಮುಂತಾದ ದತ್ತಿಗಳು, ಕೆರೆಯನ್ನು ಕಟ್ಟಿದರೆ ಸಾಲದು, ಅದನ್ನು ಉಳಿಸುವುದಕ್ಕೂ ಏರ್ಪಾಡು ಬೇಕೆಂಬ ವಿವೇಕಕ್ಕೆ ಸಾಕ್ಷಿಯಾಗಿವೆ.

ಆದರೆ ಶಾಸನವು ದಾನಿಯ ಮಾತು. ಪೋರುಮಾಮಿಳ್ಳದಲ್ಲಿ 1000 ಆಳುಗಳು 2 ವರ್ಷ ದುಡಿದರೆಂದು ಅದು ಹೇಳುತ್ತದೆ. ಅವರ ಹೆಸರುಗಳನ್ನು ಹೇಳುವುದಿಲ್ಲ. ಇಲ್ಲಿ ಸಾಹಿತ್ಯವು ನೆರವಿಗೆ ಬರುತ್ತದೆ. ನೀರು ನಿಲ್ಲದ ಕೆರೆಗೆ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಕಥೆಯಾದ 'ಕೆರೆಗೆ ಹಾರ'ವು, ಊರ ಹಿತಕ್ಕಾಗಿ ಬೆಲೆ ತೆತ್ತವರು ಯಾರೆಂದು ಕೇಳುವಂತೆ ಮಾಡುತ್ತದೆ. ನೀರಿನ ಹಕ್ಕು ಎಲ್ಲರಿಗೂ ಸಮನಾಗಿರಲಿಲ್ಲವೆಂಬುದಕ್ಕೆ, ಡಾ. ಅಂಬೇಡ್ಕರರು 1927ರಲ್ಲಿ ಮಹಾಡದ ಚವದಾರ್ ಕೆರೆಯಲ್ಲಿ ನಡೆಸಿದ ಸತ್ಯಾಗ್ರಹವೇ ಪ್ರಮಾಣ. ಆದುದರಿಂದ ಹಿಂದಿನ ವ್ಯವಸ್ಥೆಯನ್ನು ಕೇವಲ ಹೊಗಳುವುದು ಇತಿಹಾಸವಾಗದು.

ಇನ್ನು ಆಧುನಿಕ ಕಾಲ. ಹೆಸರಘಟ್ಟದ ನೀರು 1896ರಲ್ಲಿ ಕೊಳವೆಗಳ ಮೂಲಕ ಬೆಂಗಳೂರಿಗೆ ಬಂದಮೇಲೆ ಊರೊಳಗಿನ ಕೆರೆಗಳ ಅವಶ್ಯಕತೆ ಕುಗ್ಗಿತು. ಅವಶ್ಯಕತೆಯೊಡನೆ ಆಸ್ಥೆಯೂ ಕುಗ್ಗಿತು. ಕಾಲಕ್ರಮದಲ್ಲಿ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಬಹುಭಾಗ ಕ್ರೀಡಾಂಗಣವಾಯಿತು. ಹೂಳನ್ನು ಯಂತ್ರವು ಎತ್ತಬಲ್ಲುದು. ಕೆರೆಗೂ ಜನಕ್ಕೂ ಕಡಿದ ಸಂಬಂಧವನ್ನು ಅದು ಬೆಸೆಯಲಾರದು.

ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಕೆರೆಯನ್ನು ಆರಿಸಿಕೊಂಡು, ಏರಿಯ ಮೇಲಿನ ಕಲ್ಬರಹ, ಕಂದಾಯದ ದಾಖಲೆ, ನೀರುಗಂಟಿಯ ನೆನಪು, ಹೆಂಗಸರ ಹಾಡು, ನೀರು ಮುಟ್ಟಲಾಗದಿದ್ದವರ ಅನುಭವ ಇವೆಲ್ಲವನ್ನೂ ಒಂದೆಡೆ ಕೂಡಿಸಲಿ. ಕೆರೆಯನ್ನು ಉಳಿಸುವವರು ಯಾರು, ಅದರ ನೀರು ಯಾರಿಗೆ ಎಂಬೆರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳುವುದೇ ಈ ಅಧ್ಯಯನದ ತಿರುಳೆಂದು ನಾವು ಭಾವಿಸುತ್ತೇವೆ.