ಯಾವ ಹೆಲಿಯೊಡೋರಸ್?

ಮಧ್ಯಪ್ರದೇಶದ ವಿದಿಶಾ ಬಳಿ, ಬೇಸನಗರದಲ್ಲಿ ಒಂದು ಕಲ್ಲುಕಂಬವಿದೆ. ಊರವರು ಅದಕ್ಕೆ ಸಿಂಧೂರ ಬಳಿದು ಪೂಜಿಸುತ್ತಿದ್ದರು. 20ನೇ ಶತಮಾನದ ಆರಂಭದಲ್ಲಿ ಆ ದಪ್ಪ ಲೇಪ ತೆಗೆದಾಗ ಬ್ರಾಹ್ಮಿ ಅಕ್ಷರಗಳು ಕಂಡವು. ವಾಸುದೇವನಿಗೆ ಈ ಗರುಡಧ್ವಜ ನಿಲ್ಲಿಸಿದವನು ಯವನ ರಾಯಭಾರಿ ಹೆಲಿಯೊಡೋರಸ್.

ಗ್ರೀಕ್‌ನಲ್ಲಿ ಹೀಲಿಯೋಸ್ ಎಂದರೆ ಸೂರ್ಯ, ಡೋರೊನ್ ಎಂದರೆ ಕೊಡುಗೆ. ಸೂರ್ಯ ಕೊಟ್ಟ ಮಗ. ಗ್ರೀಕ್ ಲೋಕದಲ್ಲಿ ಬಹಳ ಬಳಕೆಯಲ್ಲಿದ್ದ ಹೆಸರು. ಸೆಲ್ಯೂಕಿಡ್ ದೊರೆ 4ನೇ ಸೆಲ್ಯೂಕಸ್‌ನ ಮಂತ್ರಿಯೊಬ್ಬ ಹೆಲಿಯೊಡೋರಸ್. ಜೆರುಸಲೇಮಿನ ದೇವಾಲಯದ ಭಂಡಾರಕ್ಕೆ ಕೈಹಾಕಲು ಹೋದವನೆಂದು ಯಹೂದಿ ಗ್ರಂಥವೊಂದು ಹೇಳುತ್ತದೆ. ರೋಮನ್ ಕಾಲದ ಶಸ್ತ್ರವೈದ್ಯನೊಬ್ಬನಿಗೂ ಅದೇ ಹೆಸರು. ಬೆಳಕು-ದೃಷ್ಟಿಯ ಬಗ್ಗೆ ಬರೆದ ಲಾರಿಸ್ಸಾದವನೊಬ್ಬ, 'ಐಥಿಯೋಪಿಕಾ' ಎಂಬ ಕಾದಂಬರಿ ಬರೆದ ಎಮೆಸಾದವನು ಮತ್ತೊಬ್ಬ.

ಗ್ರೀಕರಿಗೆ ಮನೆತನದ ಹೆಸರಿರಲಿಲ್ಲ, ಇದ್ದದ್ದು ಒಂದೇ ಹೆಸರು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಅದೇ ಹೆಸರು ಮನೆಯಲ್ಲಿ ಮರಳಿ ಮರಳಿ ಬರುತ್ತಿತ್ತು. ಗುರುತಿಗೆ ಅವರು ಸೇರಿಸುತ್ತಿದ್ದದ್ದು ಮುಖ್ಯವಾಗಿ ಎರಡು: ತಂದೆಯ ಹೆಸರು, ಊರಿನ ಹೆಸರು. ಸ್ವಂತ ಊರಲ್ಲಿ ತಂದೆಯ ಹೆಸರೇ ಸಾಕಾಗಬಹುದು. ಪರಸ್ಥಳಕ್ಕೆ ಹೋದರೆ ಊರೂ ಬೇಕು. ಅಥೆನ್ಸ್‌ನಲ್ಲಿ ರಾಜಕಾರಣಿ ಕ್ಲೈಸ್ತೆನೀಸನ ಸುಧಾರಣೆಯ ನಂತರ, ನಾಗರಿಕ ಸೇರಿದ 'ಡೀಮ್' ಎಂಬ ಹಳ್ಳಿ ಅಥವಾ ಕೇರಿಯ ಹೆಸರೂ ಜೊತೆಯಾಯಿತು. ವಾಗ್ಮಿ ಡೆಮಾಸ್ತೆನೀಸನ ತಂದೆಯೂ ಡೆಮಾಸ್ತೆನೀಸನೇ, ಪೈಯಾನಿಯಾ ಡೀಮಿನವನು.

ಬೇಸನಗರದ ಕಂಬದಲ್ಲಿ ಇದೇ ಪದ್ಧತಿ ಪ್ರಾಕೃತಕ್ಕೆ ಇಳಿದಿದೆ: ಡಿಯೋನನ ಮಗ, ತಕ್ಷಶಿಲೆಯವನು. ಭಾಷೆ ನಮ್ಮದು, ದೇವರು ನಮ್ಮವನು, ತನ್ನನ್ನು ಪರಿಚಯಿಸಿಕೊಂಡ ಕ್ರಮ ಮಾತ್ರ ಗ್ರೀಕರದು! ಈ ಶಾಸನದಲ್ಲಿ ನನಗೆ ಎಲ್ಲಕ್ಕಿಂತ ಅಮೂಲ್ಯವೆನಿಸುವುದು ಈ ಎರಡು ಮಾತು. ಕಾದಂಬರಿಕಾರನೂ ಕೃತಿಯ ಕೊನೆಯಲ್ಲಿ ತಾನು ಎಮೆಸಾದವನು, ಥಿಯೋಡೋಸಿಯಸ್‌ನ ಮಗ ಎಂದು ಬರೆದಿಟ್ಟ. ಆದರೂ ಮುಂದೆ ಒಬ್ಬ ಚರ್ಚ್ ಇತಿಹಾಸಕಾರ ಅವನನ್ನು ಥೆಸಲಿಯ ಬಿಷಪ್ ಹೆಲಿಯೊಡೋರಸ್‌ನೊಂದಿಗೆ ಒಂದಾಗಿಸಿದ. ಅನೇಕ ವಿದ್ವಾಂಸರು ಇದನ್ನು ಅನುಮಾನದಿಂದಲೇ ನೋಡುತ್ತಾರೆ.

ಆದ್ದರಿಂದ ಶಾಸನದಲ್ಲೋ ಪುಸ್ತಕದಲ್ಲೋ ಗ್ರೀಕ್ ಹೆಸರು ಸಿಕ್ಕರೆ ಅಲ್ಲಿಗೇ ನಿಲ್ಲಬೇಡಿ. ಯಾರ ಮಗ, ಯಾವ ಊರಿನವನು ಎಂದು ಮುಂದಿನ ಪದಗಳನ್ನೂ ಓದಿ.