ವಸ್ತುಸಂಗ್ರಹಾಲಯದ ಎರಡನೆಯ ಬಾಗಿಲು

ಆಮ್‌ಸ್ಟರ್‌ಡ್ಯಾಮ್ ನಗರದ ರೈಕ್ಸ್‌ಮ್ಯೂಸಿಯಂ ಎಂಬ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಕಟ್ಟಡವನ್ನು ನಡುಮಧ್ಯದಲ್ಲಿಯೇ ಭೇದಿಸಿಕೊಂಡು ಸಾರ್ವಜನಿಕ ಮಾರ್ಗವೊಂದು ಹಾದುಹೋಗುತ್ತದೆ. 1885ರಲ್ಲಿ ತೆರೆದ ಆ ಸೌಧದ ಜೀರ್ಣೋದ್ಧಾರಕ್ಕೆಂದು 2003ರಲ್ಲಿ ಅದರ ಮುಖ್ಯ ಭಾಗವನ್ನು ಮುಚ್ಚಿ, ಹೊಸ ಪ್ರವೇಶದ್ವಾರದ ಅನುಕೂಲಕ್ಕೋಸ್ಕರ ಆ ಕಮಾನುದಾರಿಯನ್ನು ಮಾರ್ಪಡಿಸಹೊರಟಾಗ, ಅದರೊಳಗಿಂದ ದಿನನಿತ್ಯವೂ ಸೈಕಲ್ ತುಳಿದು ಹೋಗುತ್ತಿದ್ದ ನಾಗರಿಕರು ತಮ್ಮ ದಾರಿಯನ್ನು ಬಿಟ್ಟುಕೊಡಲೊಪ್ಪದೆ ಬಹುಕಾಲ ವಾದಿಸಿ, ಕಡೆಗೆ ಅದನ್ನು ಉಳಿಸಿಕೊಂಡರು. ರಾಷ್ಟ್ರದ ಸಂಪತ್ತನ್ನು ಕಾಯುವ ಮನೆಯ ಮೇಲೆ ದಾರಿಹೋಕನಿಗೂ ಹಕ್ಕುಂಟೆಂಬ ಭಾವನೆ ಆ ಜನರಲ್ಲಿ ಎಷ್ಟು ಆಳವಾಗಿದೆಯೆಂಬುದಕ್ಕೆ ಇದೊಂದು ನಿದರ್ಶನ. ಕಟ್ಟಡವು 2013ರ ಏಪ್ರಿಲ್ 13ರಂದು ಮತ್ತೆ ತೆರೆಯಿತು. ಅದಕ್ಕೆ ಕೆಲವು ತಿಂಗಳು ಮುಂಚೆ, 2012ರಲ್ಲಿ, ಅದೇ ಸಂಸ್ಥೆ ತನ್ನ ಜಾಲತಾಣವನ್ನು ಬುಡದಿಂದ ಹೊಸದಾಗಿ ರಚಿಸಿ ಲೋಕಕ್ಕೆ ತೆರೆದ ಮತ್ತೊಂದು ಬಾಗಿಲೇ ಈ ಅಧ್ಯಾಯದ ವಿಷಯ.

ಅದಕ್ಕೂ ಹಿಂದಿನ ಕಾಲದ ವಸ್ತುಸಂಗ್ರಹಾಲಯಗಳ ಜಾಲತಾಣಗಳು ಹೇಗಿದ್ದುವೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಅಂಥವು ಇಂದಿಗೂ ಧಾರಾಳವಾಗಿ ದೊರೆಯುತ್ತವೆ. ತೆರೆಯುವ ವೇಳೆ, ಪ್ರವೇಶಶುಲ್ಕ, ನಿರ್ದೇಶಕರ ಸಂದೇಶ; ಇವೆಲ್ಲವನ್ನೂ ದಾಟಿ ಸಂಗ್ರಹದ ಪುಟಕ್ಕೆ ಬಂದರೆ ಅಲ್ಲೊಂದು ಹುಡುಕುವ ನಮೂನೆ. ಕಲಾವಿದನ ಹೆಸರನ್ನೋ ದಾಖಲೆಯ ಸಂಖ್ಯೆಯನ್ನೋ ಅದರಲ್ಲಿ ತುಂಬಬೇಕು, ಎಂದರೆ ಏನನ್ನು ಕಾಣಬೇಕೆಂಬುದನ್ನು ಬಂದವನು ಮೊದಲೇ ಬಲ್ಲವನಾಗಿರಬೇಕು. ಅಷ್ಟನ್ನೂ ಬಲ್ಲವನಿಗೆ ಸಿಕ್ಕುತ್ತಿದ್ದುದಾದರೂ ಅಂಚೆಚೀಟಿಯ ಗಾತ್ರದ ಒಂದು ಮಸುಕು ಚಿತ್ರ, ಅದರ ಮೇಲೆ ಅಡ್ಡಲಾಗಿ ಬರೆದ ಒಡೆತನದ ಮುದ್ರೆ. ರೈಕ್ಸ್‌ಮ್ಯೂಸಿಯಂ ಈ ಕ್ರಮವನ್ನು ತಲೆಕೆಳಗು ಮಾಡಿತು. ರೈಕ್ಸ್‌ಸ್ಟುಡಿಯೋ ಎಂಬ ಹೆಸರಿನಿಂದ ಹೊರಬಂದ ಹೊಸ ವಿಭಾಗದಲ್ಲಿ 1,25,000 ಕಲಾಕೃತಿಗಳ ಚಿತ್ರಗಳು ಒಮ್ಮೆಗೇ ಲೋಕದ ಮುಂದೆ ಬಂದುವು. ಪರದೆಯನ್ನು ತುಂಬಿ ನಿಲ್ಲುವುದು ಚಿತ್ರ, ಬರೆಹ ಅದರ ಅನುಚರ. ನೋಡುವವನು ಕುಂಚದ ಒಂದೊಂದು ಎಳೆಯೂ ಕಾಣುವಷ್ಟು ಹತ್ತಿರಕ್ಕೆ ಹೋಗಬಹುದು. ತನಗೆ ಮೆಚ್ಚಿಕೆಯಾದ ಮೂಲೆಯೊಂದನ್ನು ಕತ್ತರಿಸಿಟ್ಟುಕೊಳ್ಳಬಹುದು. ಇಳಿಸಿಕೊಂಡು ಬಟ್ಟೆಯ ಮೇಲಾದರೂ ಗೋಡೆಯ ಮೇಲಾದರೂ ಅಚ್ಚುಹಾಕಿಸಿಕೊಳ್ಳಬಹುದು. ಅತ್ಯುತ್ತಮ ದರ್ಜೆಯ ಪ್ರತಿಗಳಿಗೆ ಮೊದಮೊದಲು ವಿಧಿಸುತ್ತಿದ್ದ ಶುಲ್ಕವನ್ನೂ ಅವರು 2013ರಲ್ಲಿ ಕೈಬಿಟ್ಟರು.

ಇಷ್ಟು ಔದಾರ್ಯಕ್ಕೆ ಕಾರಣವೇನೆಂದು ಕೇಳಿದರೆ, ಉತ್ತರದಲ್ಲಿ ಧರ್ಮಬುದ್ಧಿಯಷ್ಟೇ ವ್ಯವಹಾರಬುದ್ಧಿಯೂ ಕಾಣುತ್ತದೆ. ವರ್ಮೀರ್ ಎಂಬ ಚಿತ್ರಕಾರನು ಸುಮಾರು 1660ರಲ್ಲಿ ಬರೆದ ಹಾಲು ಸುರಿಯುವ ಹೆಂಗಸಿನ ಚಿತ್ರವು ಆ ಸಂಗ್ರಹದ ಕಣ್ಮಣಿಗಳಲ್ಲೊಂದು. ಅದರ ಕೆಟ್ಟ ನಕಲುಗಳು, ಮೂಲದಲ್ಲಿಲ್ಲದ ಹಳದಿಯನ್ನು ಬಳಿದುಕೊಂಡಂಥವು, ಜಾಲದಲ್ಲಿ ಹತ್ತು ಸಾವಿರಕ್ಕೂ ಮಿಗಿಲಾಗಿ ಹರಡಿಕೊಂಡಿದ್ದುವೆಂದೂ, ಅವನ್ನೇ ನೋಡಿ ರೂಢಿಯಾದ ಜನರು ವಸ್ತುಸಂಗ್ರಹಾಲಯದ ಅಂಗಡಿಯಲ್ಲಿ ಮಾರುತ್ತಿದ್ದ ಅಚ್ಚುಕಟ್ಟಾದ ಚಿತ್ರಪತ್ರಗಳನ್ನು ಕಂಡು, ಇವು ಮೂಲದಂತಿಲ್ಲವೆಂದು ಸಂಶಯಪಡುತ್ತಿದ್ದರೆಂದೂ ಯೂರೋಪಿಯಾನಾ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯೊಂದು ತಿಳಿಸುತ್ತದೆ. ಸುಳ್ಳು ಚಿತ್ರವನ್ನು ತಡೆಯಲು ಬೇಲಿಯಿಂದ ಸಾಧ್ಯವಾಗಲಿಲ್ಲ. ಸರಿಯಾದ ಚಿತ್ರವನ್ನು ಧಾರಾಳವಾಗಿ ಕೊಟ್ಟುಬಿಡುವುದೊಂದೇ ಉಳಿದಿದ್ದ ಮಾರ್ಗ.

ಆದರೆ ಚಿತ್ರವನ್ನು ಎಷ್ಟು ದೊಡ್ಡದು ಮಾಡಿದರೂ ಅದು ತೆರೆದುಕೊಳ್ಳುವುದು ಕಣ್ಣುಳ್ಳವರಿಗೆ ಮಾತ್ರ. ರೈಕ್ಸ್‌ಮ್ಯೂಸಿಯಂ ರೆಂಬ್ರಾಂಟನ ‘ರಾತ್ರಿಯ ಪಹರೆ’ ಎಂಬ ಬೃಹಚ್ಚಿತ್ರವನ್ನು 8,439 ಬಿಡಿ ಛಾಯಾಚಿತ್ರಗಳಲ್ಲಿ ಸೆರೆಹಿಡಿದು, ಅವನ್ನೆಲ್ಲ ಬೆಸೆದು, 717 ಗಿಗಾಪಿಕ್ಸೆಲ್‌ಗಳ ಒಂದೇ ಚಿತ್ರವನ್ನಾಗಿ 2022ರಲ್ಲಿ ಜಾಲಕ್ಕೇರಿಸಿತು. ಅದರಲ್ಲಿ ಒಂದು ಬಿಂದುವಿಗೂ ಇನ್ನೊಂದಕ್ಕೂ ನಡುವೆ ಇರುವ ಅಂತರ ಒಂದು ಮಿಲಿಮೀಟರಿನ ಇನ್ನೂರರಲ್ಲೊಂದು ಪಾಲು. ಮಾತಿನ ಬೆಂಬಲವಿಲ್ಲದಿದ್ದರೆ ದೃಷ್ಟಿಯಿಲ್ಲದ ಒಬ್ಬ ವಿದ್ಯಾರ್ಥಿಗೆ ಆ ಏಳುನೂರ ಹದಿನೇಳು ಗಿಗಾಪಿಕ್ಸೆಲ್ಲೂ ಒಂದೇ, ಶೂನ್ಯವೂ ಒಂದೇ.

ದೃಷ್ಟಿಯಿಲ್ಲದವರು ಗಣಕವನ್ನು ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ. ಪುಟದ ಹಿಂದೆ ಅಡಗಿರುವ ಸಂಕೇತಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಓದಿ, ಧ್ವನಿಯಾಗಿ ನುಡಿಯುವುದೇ ಅದರ ಕೆಲಸ. ಶೀರ್ಷಿಕೆಯನ್ನು ಶೀರ್ಷಿಕೆಯೆಂದೇ ಗುರುತಿಸಿಟ್ಟಿದ್ದರೆ ಬಳಸುವವನು ಒಂದೇ ಕೀಲಿಯ ಒತ್ತಿನಿಂದ ಶೀರ್ಷಿಕೆಯಿಂದ ಶೀರ್ಷಿಕೆಗೆ ನೆಗೆಯುತ್ತ ತನಗೆ ಬೇಕಾದ ಕಡೆಗೆ ಹೋಗುವನು. ಹಾಗಲ್ಲದೆ ಅಕ್ಷರಗಳನ್ನು ದಪ್ಪಗೆ ಮಾಡಿ ಕಣ್ಣಿಗೆ ಮಾತ್ರ ಶೀರ್ಷಿಕೆಯಂತೆ ತೋರಿಸಿದ್ದರೆ, ಇಡೀ ಪುಟವನ್ನು ಮೊದಲಿನಿಂದ ಕೇಳದೆ ಆತನಿಗೆ ಗತ್ಯಂತರವಿಲ್ಲ. ಚಿತ್ರದ ಸ್ಥಳಕ್ಕೆ ಬಂದಾಗ ತಂತ್ರಾಂಶವು ಅದರೊಡನೆ ಬರೆದಿಟ್ಟ ಪರ್ಯಾಯ ಪಠ್ಯವನ್ನು ಅರಸುತ್ತದೆ. ಅದು ದೊರೆಯದಿದ್ದರೆ ಎಷ್ಟೋ ವೇಳೆ ಕಡತದ ಹೆಸರನ್ನೇ, ‘ಐ ಎಂ ಜಿ ಸೊನ್ನೆ ಸೊನ್ನೆ ನಾಲ್ಕು ಏಳು’ ಎಂದು, ಪಠಿಸಿ ಮುಂದೆ ಸಾಗುತ್ತದೆ. ಸಾವಿರ ವರ್ಷದ ಶಿಲ್ಪವೊಂದರ ವಿಷಯವಾಗಿ ವಸ್ತುಸಂಗ್ರಹಾಲಯವೊಂದು ಆಡುವ ಮಾತು ಇಷ್ಟೇ ಆಗಿಬಿಟ್ಟರೆ ಅದಕ್ಕೆ ನಾಚಿಕೆಯಾಗಬೇಕು.

ಜಾಲತಾಣವನ್ನು ಹೊಸದಾಗಿ ಕಟ್ಟುವುದೆಂದರೆ ಬಣ್ಣ, ಅಕ್ಷರ, ಗುಂಡಿಗಳ ಸೊಗಸನ್ನು ಹೆಚ್ಚಿಸುವುದೆಂದು ಭಾವಿಸುವವರಿಗೆ ಇಲ್ಲಿ ಎದುರಾಗುವುದು ಬರೆಹಗಾರನ ಕೆಲಸ, ಅದೂ ಸುಲಭವಲ್ಲದ್ದು. ಮೇಲೆ ಹೇಳಿದ ಹಾಲಿನ ಹೆಂಗಸಿನ ಚಿತ್ರವನ್ನೇ ತೆಗೆದುಕೊಳ್ಳೋಣ. ‘ವರ್ಮೀರನ ಪ್ರಸಿದ್ಧ ಕಲಾಕೃತಿ’ ಎಂದು ಬರೆದರೆ ಅದು ವರ್ಣನೆಯಲ್ಲ, ಜಾಹೀರಾತು. ‘ಹಾಲು ಸುರಿಯುತ್ತಿರುವ ಹೆಂಗಸು’ ಎಂದರೆ ಸತ್ಯವೇ ಸರಿ, ಆದರೆ ಅಷ್ಟರಿಂದ ಯಾವ ಚಿತ್ರವೂ ಮನಸ್ಸಿನಲ್ಲಿ ಮೂಡದು. ಹೀಗೆ ಬರೆಯಬಹುದು: ‘ಎಡಗಡೆಯ ಕಿಟಕಿಯಿಂದ ಬರುವ ಬೆಳಕಿನಲ್ಲಿ, ಬಿಳಿಯ ಕುಲಾವಿ, ಹಳದಿಯ ಕುಪ್ಪಸ, ನೀಲಿಯ ಮುಂಬಟ್ಟೆ ತೊಟ್ಟ ಗಟ್ಟಿ ಮೈಕಟ್ಟಿನ ಹೆಂಗಸೊಬ್ಬಳು ನಿಂತುಕೊಂಡು, ತಲೆಬಾಗಿಸಿ, ಮಣ್ಣಿನ ಹೂಜಿಯಿಂದ ಎರಡು ಹಿಡಿಗಳುಳ್ಳ ಪಾತ್ರೆಗೆ ಹಾಲನ್ನು ಸಣ್ಣ ಧಾರೆಯಾಗಿ ಸುರಿಯುತ್ತಿದ್ದಾಳೆ, ಮೇಜಿನ ಮೇಲೆ ಬುಟ್ಟಿಯಲ್ಲಿಯೂ ಹೊರಗೂ ರೊಟ್ಟಿಗಳಿವೆ.’ ಕೇಳುವವನಿಗೆ ಕುತೂಹಲವುಂಟಾದರೆ ಮುಂದಿನದು: ಹಿಂದಿನ ಸುಣ್ಣದ ಗೋಡೆ ಬರಿದಾಗಿದೆ, ಆದರೆ ಅದರಲ್ಲೊಂದು ಮೊಳೆ, ಕಿತ್ತುಹೋದ ಮೊಳೆಗಳ ತೂತುಗಳು, ಕಿಟಕಿಯ ಗಾಜೊಂದು ಒಡೆದಿದೆ, ನೆಲದ ಮೇಲೆ ಕಾಲು ಕಾಯಿಸಿಕೊಳ್ಳುವ ಮರದ ಪೆಟ್ಟಿಗೆ. ಇಷ್ಟೆಲ್ಲವೂ ಅಡಗಿರುವ ಆ ಚಿತ್ರದ ಅಳತೆ 45.5ಕ್ಕೆ 41 ಸೆಂಟಿಮೀಟರ್ ಮಾತ್ರವೆಂಬುದನ್ನೂ ಹೇಳಬೇಕು, ಏಕೆಂದರೆ ಪರದೆಯ ಮೇಲೆ ಎಲ್ಲ ಚಿತ್ರಗಳೂ ಒಂದೇ ಗಾತ್ರದವು. ಈ ವರ್ಣನೆಯನ್ನು ಓದಿದ ಮೇಲೆ ಕಣ್ಣುಳ್ಳವನೂ ಮತ್ತೊಮ್ಮೆ ಆ ಚಿತ್ರದ ಕಡೆಗೆ ತಿರುಗಿ, ತಾನು ಗಮನಿಸದೆ ಬಿಟ್ಟಿದ್ದ ಮೊಳೆಯನ್ನು ಹುಡುಕುವನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಕುರುಡರಿಗೆಂದು ಬರೆದ ವಾಕ್ಯವು ನೋಡುವವರಿಗೆ ನೋಡುವುದನ್ನು ಕಲಿಸುತ್ತದೆ.

ಈ ಕಾರ್ಯವನ್ನು ಕ್ರಮಬದ್ಧವಾಗಿ ಕೈಗೊಂಡವರಲ್ಲಿ ಅಮೆರಿಕದ ಷಿಕಾಗೋ ನಗರದ ಸಮಕಾಲೀನ ಕಲಾ ಸಂಗ್ರಹಾಲಯವು ಪ್ರಮುಖವಾದುದು. 2015ರಲ್ಲಿ ತನ್ನ ಜಾಲತಾಣವನ್ನು ಪುನಾರಚಿಸಿದಾಗ, ಸ್ವತಃ ದೃಷ್ಟಿಯಿಲ್ಲದ ಗಣಕವಿಜ್ಞಾನಿ ಸೀನಾ ಬಹ್ರಾಮರ ಸಲಹೆಯನ್ನು ಪಡೆದು, ಚಿತ್ರವರ್ಣನೆಗಳನ್ನು ಬರೆದು, ತಿದ್ದಿ, ಸಂಗ್ರಹಿಸಿಡಲು ‘ಕಯೋಟಿ’ ಎಂಬ ತಂತ್ರಾಂಶವನ್ನೇ ಅದು ನಿರ್ಮಿಸಿಕೊಂಡಿತು. ಬೇರೆಯವರೂ ಬಳಸಿಕೊಳ್ಳಲೆಂದು ಅದನ್ನು ಮುಕ್ತವಾಗಿ ಬಿಟ್ಟಿತು. ಒಂದೇ ಚಿತ್ರಕ್ಕೆ ಚಿಕ್ಕದೊಂದು, ದೀರ್ಘವಾದುದೊಂದು, ಬೇರೆ ಬೇರೆ ಕೈಗಳಿಂದ ಬಂದವು ಹೀಗೆ ಹಲವು ವರ್ಣನೆಗಳಿರಲು ಅದರಲ್ಲಿ ಅವಕಾಶವುಂಟು. ಈ ಅವಕಾಶ ಸಣ್ಣದಲ್ಲ. ವರ್ಣಿಸುವುದೆಂದರೆ ವ್ಯಾಖ್ಯಾನಿಸುವುದೇ ಆಗುತ್ತದೆ, ಆದಕಾರಣ ಪಂಡಿತನು ಮೌನವಾಗಿರುವುದೇ ಲೇಸು ಎಂಬ ಆಕ್ಷೇಪವನ್ನು ಕಲಾವಿಮರ್ಶಕರು ಆಗಾಗ ಎತ್ತುವುದುಂಟು. ಚಿತ್ರದಲ್ಲಿರುವ ವ್ಯಕ್ತಿ ನಗುತ್ತಿದ್ದಾಳೆಯೋ ಹಲ್ಲು ಕಚ್ಚಿದ್ದಾಳೆಯೋ, ಮೈಬಣ್ಣವನ್ನು ಹೇಳಬೇಕೋ ಬಿಡಬೇಕೋ, ಯಾರದನ್ನು ಹೇಳಿ ಯಾರದನ್ನು ಬಿಡುತ್ತಿದ್ದೇವೆ ಎಂಬ ಪ್ರಶ್ನೆಗಳು ಸುಳ್ಳಲ್ಲ. ಆದರೆ ಒಬ್ಬನ ವ್ಯಾಖ್ಯಾನಕ್ಕೆ ಪರಿಹಾರ ಇನ್ನೊಬ್ಬನ ವ್ಯಾಖ್ಯಾನವೇ ಹೊರತು ಮೌನವಲ್ಲ. ಮೌನವನ್ನು ಸಮರ್ಥಿಸುವ ಪಂಡಿತನಿಗೆ ಆ ಮೌನದಿಂದ ಯಾವ ನಷ್ಟವೂ ಇಲ್ಲವೆಂಬುದನ್ನು ಮರೆಯಬಾರದು.

ಉಳಿದ ಅಂಶಗಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು, ಏಕೆಂದರೆ ಅವಕ್ಕೆ ಲೋಕಸಮ್ಮತವಾದ ನಿಯಮಾವಳಿಯೊಂದು ಈಗಾಗಲೇ ಸಿದ್ಧವಾಗಿದೆ. ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1999ರಲ್ಲಿ ಮೊದಲು ಹೊರಡಿಸಿದ ಈ ಮಾರ್ಗಸೂಚಿಯ ಈಚಿನ ಆವೃತ್ತಿ 2023ರದು. ಪುಟದ ವಿಷಯವು ಇಂದ್ರಿಯಗೋಚರವಾಗಿರಬೇಕು, ನಿರ್ವಹಿಸಲು ಸಾಧ್ಯವಾಗಿರಬೇಕು, ಅರ್ಥವಾಗುವಂತಿರಬೇಕು, ನಾನಾ ಸಾಧನಗಳಲ್ಲಿ ಕೆಡದೆ ನಿಲ್ಲಬೇಕು ಎಂಬ ನಾಲ್ಕು ತತ್ತ್ವಗಳ ಮೇಲೆ ಅದು ನಿಂತಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಹೊಳಪಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿರಬೇಕು. ಬಿಳಿಯ ಮೇಲಿನ ಕಪ್ಪಿನಲ್ಲಿ ಅದು 21ಕ್ಕೆ 1. ತಿಳಿಬೂದಿಯ ಮೇಲೆ ನಸುಬೂದಿಯ ಅಕ್ಷರಗಳನ್ನಿಟ್ಟು ಅದನ್ನೇ ನಾಗರಿಕ ಅಭಿರುಚಿಯೆಂದು ಭಾವಿಸುವ ವಿನ್ಯಾಸಕಾರರು ಈ ಒಂದು ನಿಯಮವನ್ನು ಪಾಲಿಸಿದರೂ ನಲವತ್ತು ದಾಟಿದ ವಾಚಕರೆಲ್ಲರ ಆಶೀರ್ವಾದಕ್ಕೆ ಪಾತ್ರರಾಗುವರು. ಮೌಸ್ ಹಿಡಿಯಲಾರದ ಕೈಗಳಿಗಾಗಿ ಎಲ್ಲವೂ ಕೀಲಿಮಣೆಯಿಂದಲೇ ಸಾಧ್ಯವಾಗಬೇಕು. ಚಲಿಸುವ ಚಿತ್ರಗಳಲ್ಲಿನ ಮಾತು ಕಿವಿಕೇಳದವರಿಗಾಗಿ ಅಕ್ಷರರೂಪದಲ್ಲಿಯೂ ಇರಬೇಕು.

ಕನ್ನಡದ ಪುಟಗಳಿಗೆ ಇವೆಲ್ಲಕ್ಕೂ ಮೊದಲಿನದೊಂದು ತೊಡಕುಂಟು. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತವನ್ನು ಕೊಡುವ ಯೂನಿಕೋಡ್ ಪದ್ಧತಿ ಬಳಕೆಗೆ ಬರುವ ಮುನ್ನ ನಮ್ಮಲ್ಲಿ ರೂಢಿಯಲ್ಲಿದ್ದ ನುಡಿ ಮೊದಲಾದ ತಂತ್ರಾಂಶಗಳು ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಿ ಕೆಲಸ ಸಾಗಿಸುತ್ತಿದ್ದುವು. ಆ ಕಾಲಕ್ಕೆ ಅದು ಜಾಣತನದ ಉಪಾಯವೇ ಆಗಿತ್ತು. ಆ ಹಳೆಯ ಫಾಂಟಿನಲ್ಲಿ ಕಣ್ಣಿಗೆ ‘ಕನ್ನಡ’ ಎಂದು ಕಾಣುವ ಮೂರಕ್ಷರಗಳ ಹಿಂದೆ ಗಣಕದ ಸ್ಮೃತಿಯಲ್ಲಿ ಇರತಕ್ಕದ್ದು ರೋಮನ್ ಲಿಪಿಯ ಪಿ, ಬ್ರಿಟಿಷರ ಪೌಂಡಿನ ಚಿಹ್ನೆ, ಜರ್ಮನರ ಜೋಡಿ ಸಕಾರ, ಒಂದು ಕ್ಯೂ, ಮತ್ತು ನಡುನಡುವೆ ತಲೆಯ ಮೇಲೆ ಗೆರೆಹೊತ್ತ ಎ. ಸ್ಕ್ರೀನ್ ರೀಡರ್ ಓದುವುದು ಸ್ಮೃತಿಯಲ್ಲಿರುವುದನ್ನೇ ಹೊರತು ಪರದೆಯ ಮೇಲಿನ ಆಕಾರವನ್ನಲ್ಲ. ಆದುದರಿಂದ ಕೇಳುವವನ ಕಿವಿಗೆ ಬೀಳುವುದು ಅರ್ಥಹೀನವಾದ ಶಬ್ದಗಳ ರಾಶಿ. ನುಡಿಯ ಈಚಿನ ಆವೃತ್ತಿಗಳು ಯೂನಿಕೋಡನ್ನು ಅಳವಡಿಸಿಕೊಂಡಿವೆಯಾದರೂ ಹಳೆಯ ಕಡತಗಳು ಹಾಗೆಯೇ ಉಳಿದಿವೆ. ಅಚ್ಚಾದ ಪುಸ್ತಿಕೆಗಳ ಪುಟಗಳನ್ನು ಚಿತ್ರಗಳನ್ನಾಗಿ ತೆಗೆದು ಜಾಲಕ್ಕೇರಿಸಿ, ಶಾಸನಗಳ ವಿವರವೆಲ್ಲ ಲಭ್ಯವಿದೆಯೆಂದು ಸಾರುವ ಪದ್ಧತಿಯೂ ಇದೇ ದೋಷದ ಇನ್ನೊಂದು ರೂಪ. ಯೂನಿಕೋಡಿನಲ್ಲಿ ಬರೆದ ಕನ್ನಡವನ್ನಾದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಯಾವ ಹಣವನ್ನೂ ಕೇಳದೆ ಓದುತ್ತದೆ. ಅದರ ಉಚ್ಚಾರಣೆ ಯಂತ್ರದ್ದೇ, ಆದರೂ ತಿಳಿಯುತ್ತದೆ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಈಗ ನಿಂತಿರುವ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ತನ್ನ ಕಟ್ಟಡ ತೆರೆಯುವ ಮೊದಲೇ, 2020ರ ಡಿಸೆಂಬರಿನಲ್ಲಿ, ಜಾಲದಲ್ಲಿ ಆರಂಭವಾಯಿತು. ಕಲ್ಲುಗಾರೆಯ ಬಾಗಿಲು ತೆರೆದುದು 2023ರ ಫೆಬ್ರವರಿಯಲ್ಲಿ. ಜಾಲತಾಣವು ಕಟ್ಟಡದ ಪ್ರಕಟಣೆಯ ಫಲಕವಲ್ಲ, ತಾನೇ ಒಂದು ಸಂಗ್ರಹಾಲಯವೆಂಬ ಭಾವನೆ ನಮ್ಮ ನಾಡಿನಲ್ಲಿಯೂ ಬೇರೂರುತ್ತಿದೆಯೆಂಬುದಕ್ಕೆ ಇದು ಸಾಕ್ಷಿ. ಆ ಜಾಲತಾಣ ಎಲ್ಲರಿಗೂ ಎಟುಕಬೇಕೆಂಬುದಕ್ಕೆ ಕಾನೂನಿನ ಬಲವೂ ಉಂಟು: 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 42ನೆಯ ಪ್ರಕರಣವು ಧ್ವನಿ, ಮುದ್ರಣ ಮತ್ತು ವಿದ್ಯುನ್ಮಾನ ಮಾಧ್ಯಮಗಳಲ್ಲಿನ ವಿಷಯವು ವಿಕಲಚೇತನರಿಗೆ ಎಟುಕುವಂತೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಇರಿಸಿದೆ. ಸರ್ಕಾರಿ ಜಾಲತಾಣಗಳಿಗೆ ಬೇರೆಯೇ ಮಾರ್ಗಸೂಚಿ 2009ರಿಂದಲೂ ಇದೆ.

ಅಧಿನಿಯಮಗಳು ತಾವಾಗಿ ವರ್ಣನೆಗಳನ್ನು ಬರೆಯಲಾರವು. ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಜಿಲ್ಲೆಯ ವಸ್ತುಸಂಗ್ರಹಾಲಯಕ್ಕೆ ಜಾಲತಾಣವಿದ್ದರೆ ಅದನ್ನು ತೆರೆದು, ಕೀಲಿಮಣೆಯೊಂದರಿಂದಲೇ ಒಂದು ಶಿಲ್ಪದ ಪುಟವನ್ನು ತಲುಪಲು ಪ್ರಯತ್ನಿಸಿರಿ. ತಲುಪಿದರೆ, ಎನ್‌ವಿಡಿಎಯನ್ನು ಇಳಿಸಿಕೊಂಡು ಪರದೆಯನ್ನು ಆರಿಸಿ, ಆ ಪುಟ ಏನು ಹೇಳುತ್ತದೆಂದು ಕೇಳಿರಿ. ಅದು ಏನನ್ನೂ ಹೇಳದಿದ್ದರೆ ಯಾವ ಪುಟ, ಯಾವ ಚಿತ್ರ ಎಂಬುದನ್ನು ಸ್ಪಷ್ಟವಾಗಿ ಗುರುತಿಸಿ ಅಲ್ಲಿನ ಅಧಿಕಾರಿಗೊಂದು ಕಾಗದ ಬರೆಯಿರಿ. ಆ ಶಿಲ್ಪವನ್ನು ನೀವು ಕಣ್ಣಾರೆ ಕಂಡವರಾದರೆ, ನಾಲ್ಕು ಸಾಲಿನ ವರ್ಣನೆಯೊಂದನ್ನು ತಿಳಿಗನ್ನಡದಲ್ಲಿ ಬರೆದು ಅದೇ ಕಾಗದದೊಡನೆ ಕಳುಹಿಸಿರಿ.