ನಿಮಗಿದು ಗೊತ್ತೇ? ಎದೆಯ ಆಪರೇಷನ್, ಕಾಲಿನಲ್ಲಿ ಹೊಲಿಗೆ!

● ಬೈಪಾಸ್ ಮಾಡಿಸಿಕೊಂಡು ಮೈಸೂರಿನಿಂದಲೋ ಮಂಗಳೂರಿನಿಂದಲೋ ಕೊಡಗಿಗೆ ಮರಳಿದವರನ್ನು 'ಎದೆ ನೋವುಂಟಾ?' ಎಂದು ಕೇಳಿ ನೋಡಿ. ಹಲವರು ಪಂಚೆ ಸರಿಸಿ ಕಾಲು ತೋರಿಸುತ್ತಾರೆ. ಕಣಕಾಲಿನಿಂದ ಮೇಲಕ್ಕೆ ಹೊಲಿಗೆಯ ಗೆರೆ, ಊದಿದ ಪಾದ, ಒಳಬದಿಯಲ್ಲಿ ಜೋಮು. ಅಲ್ಲಿಂದ ತೆಗೆದದ್ದು ಸಫೀನಸ್, ನಮ್ಮ ದೇಹದ ಅತಿ ಉದ್ದದ ಅಭಿಧಮನಿ. ಅದಿಲ್ಲದೆಯೂ ಕಾಲು ನಡೆಯುತ್ತದೆ, ಏಕೆಂದರೆ ರಕ್ತದ ಬಹುಪಾಲನ್ನು ಮೇಲಕ್ಕೆ ಒಯ್ಯುವುದು ಒಳಗಿನ ಆಳದ ಅಭಿಧಮನಿಗಳು. ಊತ ಕೆಲವು ವಾರಗಳಲ್ಲಿ ಇಳಿಯುತ್ತದೆ. ಜೋಮು ಮಾತ್ರ ಕೆಲವರನ್ನು ತಿಂಗಳುಗಟ್ಟಲೆ ಬಿಡುವುದಿಲ್ಲ.

● ಆ ನಾಳವನ್ನು ಹೃದಯಕ್ಕೆ ಹೊಲಿಯುವಾಗ ಸಾಮಾನ್ಯವಾಗಿ ತಲೆಕೆಳಗು ಮಾಡುತ್ತಾರೆ. ಏಕೆಂದರೆ ಅದರೊಳಗಿನ ಪುಟ್ಟ ಕವಾಟಗಳು ರಕ್ತವನ್ನು ಒಂದೇ ದಿಕ್ಕಿಗೆ ಬಿಡುತ್ತವೆ!

● 'ಮೂರು ಬ್ಲಾಕ್ ತೆಗೆದರು' ಎನ್ನುವುದು ವಾಡಿಕೆ. ನಿಜವಾಗಿ ಬೈಪಾಸ್‌ನಲ್ಲಿ ಬ್ಲಾಕ್ ತೆಗೆಯುವುದೇ ಇಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ರಸ್ತೆ ಮುಚ್ಚಿದಾಗ ಜನ ಬೇರೆ ದಾರಿ ಹಿಡಿದರಲ್ಲ, ಹಾಗೆಯೇ ಇದೂ. ಕುಸಿದದ್ದು ಕುಸಿದಲ್ಲೇ ಇರುತ್ತದೆ, ರಕ್ತ ಸುತ್ತು ಹಾಕಿ ಹೋಗುತ್ತದೆ.

● ಎಲ್ಲಕ್ಕಿಂತ ಬಾಳಿಕೆಯ ನಾಳ ಎದೆಮೂಳೆಯ ಹಿಂದೆಯೇ ಇದೆ: ಎಡ ಮ್ಯಾಮರಿ ಅಪಧಮನಿ. ಇದರ ಮೇಲಿನ ತುದಿಯನ್ನು ಸಾಮಾನ್ಯವಾಗಿ ಕತ್ತರಿಸದೆ, ಕೆಳತುದಿಯನ್ನಷ್ಟೇ ಬಿಡಿಸಿ ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಹೊಲಿಯುತ್ತಾರೆ. ಕಾಲಿನಿಂದ ತಂದ ನಾಳಗಳಲ್ಲಿ ಸುಮಾರು ಅರ್ಧದಷ್ಟು 10 ವರ್ಷದೊಳಗೆ ಮುಚ್ಚುತ್ತವೆ ಅಥವಾ ಕೆಡುತ್ತವೆ. ಮ್ಯಾಮರಿಯಲ್ಲಿ ಹತ್ತಕ್ಕೆ ಒಂಬತ್ತು ಆಗಲೂ ತೆರೆದಿರುತ್ತವೆ. ಇದಕ್ಕೆ ಕೊಬ್ಬು ಕಟ್ಟಿಕೊಳ್ಳುವುದು ಬಲು ಅಪರೂಪ. ಎದೆಯ ಎಡಭಾಗ ಮರಗಟ್ಟಿದಂತಿದೆ ಎಂದು ರೋಗಿಗಳು ಗಾಬರಿಯಾಗುವುದು ಹೆಚ್ಚಾಗಿ ಇದನ್ನು ಬಿಡಿಸಿದ ಜಾಗದಲ್ಲಿ.

● ಮುಂಗೈಯ ರೇಡಿಯಲ್ ಅಪಧಮನಿಯನ್ನೂ ಬಳಸುವುದುಂಟು. ಅದಕ್ಕೆ ಮೊದಲು ಮಣಿಕಟ್ಟಿನ ಎರಡೂ ನಾಳ ಒತ್ತಿ ಹಿಡಿದು, ರೇಡಿಯಲ್ ಅಲ್ಲದ ಇನ್ನೊಂದನ್ನು ಬಿಟ್ಟಾಗ ಬಿಳಚಿದ ಅಂಗೈ ಮತ್ತೆ ಕೆಂಪಾಗುತ್ತದೆಯೇ ಎಂದು ನೋಡುತ್ತಾರೆ. ಕೆಂಪೇರಿದರೆ ಉಳಿದ ನಾಳವೊಂದೇ ಕೈಗೆ ಸಾಕು ಎಂದರ್ಥ.

● ಮಡಿಕೇರಿಯ ಹೆಮ್ಮೆಯ ಜನರಲ್ ಕೆ.ಎಸ್. ತಿಮ್ಮಯ್ಯ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿ ಸೈಪ್ರಸ್‌ನಲ್ಲಿದ್ದಾಗ, 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಇನ್ನೂ 59 ವರ್ಷ. ಕಾಲಿನ ನಾಳದ ಬೈಪಾಸ್ ರೂಢಿಗೆ ಬಂದದ್ದು ಅದಾದ ಮೇಲೆ, 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರೆನೆ ಫವಲೋರೊ ಮಾಡಿ ತೋರಿಸಿದ ಬಳಿಕ. ಈ ಫವಲೋರೊ ಅದಕ್ಕೆ ಮುಂಚೆ ಅರ್ಜೆಂಟೀನಾದ ಒಂದು ಕುಗ್ರಾಮದಲ್ಲಿ 12 ವರ್ಷ ಹಳ್ಳಿ ಡಾಕ್ಟರಾಗಿದ್ದವರು! ಭಾರತದ ಮೊದಲ ಬೈಪಾಸ್ 1975ರಲ್ಲಿ, ಚೆನ್ನೈನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ಅವರಿಂದ.

● ಆಪರೇಷನ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬಹುತೇಕ ತಯಾರಾಗುವುದು ಹಂದಿಯ ಕರುಳಿನಿಂದ. ಪಂದಿ ಕರಿ ಬಿಡಿ ಎಂದು ಗದರುವ ಡಾಕ್ಟರೇ ಹಂದಿಯ ಋಣದಲ್ಲಿದ್ದಾರೆ. ಕೆಲಸ ಮುಗಿದ ಮೇಲೆ ಹೆಪಾರಿನ್ ಇಳಿಸಲು ಕೊಡುವ ಪ್ರೊಟಮಿನ್ ಮೂಲತಃ ಸಾಲ್ಮನ್ ಮೀನಿನ ವೀರ್ಯದ್ದು.

● ಮಳೆಗಾಲದಲ್ಲಿ ತೋಟಕ್ಕಿಳಿಯುವವರೇ ಕೇಳಿ. ಜಿಗಣೆಯ ಜೊಲ್ಲಿನಲ್ಲೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳಿವೆ. ಬೈಪಾಸ್ ಆದವರು ಆಸ್ಪಿರಿನ್ ನುಂಗುತ್ತಿರುವುದರಿಂದ ಕಚ್ಚಿದ ಜಾಗದಲ್ಲಿ ರಕ್ತ ಇನ್ನಷ್ಟು ಹೊತ್ತು ಜಿನುಗಬಹುದು. ಒತ್ತಿ ಹಿಡಿಯಿರಿ, ಬಟ್ಟೆ ಕಟ್ಟಿ. ಅದಕ್ಕೆ ಹೆದರಿ ಮಾತ್ರೆ ಮಾತ್ರ ನಿಲ್ಲಿಸಬೇಡಿ.

● ಸೀಳಿದ ಎದೆಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು ಎರಡು–ಮೂರು ತಿಂಗಳು ಬೇಕು, ತಂತಿ ಮಾತ್ರ ಕೊನೆಯವರೆಗೂ ಒಳಗೇ. ಕೆಮ್ಮು ಬಂದಾಗ ದಿಂಬನ್ನು ಎದೆಗವಚಿ ಕೆಮ್ಮಬೇಕು. ಕಾಫಿ ಮೂಟೆ ಎತ್ತುವುದು, ತೋಟದ ದಾರಿಯಲ್ಲಿ ಜೀಪು ಓಡಿಸುವುದು ಮೂಳೆ ಕೂಡಿಕೊಳ್ಳುವವರೆಗೆ ಬೇಡ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಉಮೇದಿದ್ದರೂ ಡಾಕ್ಟರನ್ನು ಕೇಳದೆ ಕೋವಿ ಹೆಗಲಿಗೇರಿಸಬೇಡಿ. ಅದರ ಒದೆತ ಎದೆಗೂ ತಾಗುತ್ತದೆ.

● ಆಪರೇಷನ್ ಚೆನ್ನಾಗಿ ಆದವರೂ ಮೊದಲ ವಾರಗಳಲ್ಲಿ ಸುಮ್ಮಸುಮ್ಮನೆ ಅಳುವುದು, ನಿದ್ದೆಗೆಡುವುದು, ಸಿಡುಕುವುದು ಉಂಟು. ಮನೆಯವರು 'ಇಷ್ಟು ಖರ್ಚು ಮಾಡಿದ್ದೇವೆ, ಇನ್ನೇನು?' ಎನ್ನದಿದ್ದರೆ ಸಾಕು. ಕಡಿಮೆಯಾಗದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು.

● ಡಿಸ್ಚಾರ್ಜ್ ಚೀಟಿಯಲ್ಲಿ 'ಲಿಮಾ–ಎಲ್‌ಎಡಿ', 'ಎಸ್‌ವಿಜಿ' ಎಂದು ಬರೆದಿರುತ್ತದೆ. ಲಿಮಾ ಎಂದರೆ ಎದೆಯ ನಾಳ, ಎಲ್‌ಎಡಿ ಎಂದರೆ ಅದನ್ನು ಹೊಲಿದ ಹೃದಯದ ಮುಂಭಾಗದ ನಾಳ, ಎಸ್‌ವಿಜಿ ಎಂದರೆ ಕಾಲಿನದು. ಮುಂದೆ ಯಾವ ಊರಿನಲ್ಲಿ ಆಂಜಿಯೋಗ್ರಾಂ ಮಾಡಿದರೂ ಡಾಕ್ಟರು ಮೊದಲು ಹುಡುಕುವುದು ಇದನ್ನೇ. ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಮನೆಯ ಇನ್ನೊಬ್ಬರಿಗೂ ಇವತ್ತೇ ಕಳಿಸಿಬಿಡಿ.